ಅವರೆಯ ರಿವೆಟ್ಟಿಗೆ ಹುಣಸೆಬೀಜದ ಬಟ್ಟಲು

ಅಜ್ಜಂಪುರ
4-2-1935

ಪೂಜ್ಯ ಭಾವನವರಿಗೆ ಸೋಮಶೇಖರಪ್ಪನ ಶರಣು.

1923ನೇ ಇಸವಿ ಮಾರ್ಚ್ ಹದಿನಾಲ್ಕನೇ ತಾರೀಖು ಬುಧವಾರ ಬೆಳಿಗ್ಗೆ ಕಡೂರಿನ ಪಂಚಲಿಂಗ ಎಣ್ಣೆ ಗಿರಣಿಯ ಹೊಸ ನೀರಿನ ಟ್ಯಾಂಕು ಒಡೆಯಿತು. ಕೆಳಗೆ ಕೊಬ್ಬರಿ ಹರವುತ್ತಿದ್ದ ತೀರ್ಥಮ್ಮ ಸತ್ತಳು. ಒಂಬತ್ತು ದಿನ ಕಳೆದ ಮೇಲೆ ಗಿರಣಿಯವರ ವಿಚಾರಣಾ ವರದಿ ಹೊರಬಿತ್ತು. 'ಕೈಗಾರನ ಅಜಾಗರೂಕತೆಯೇ ಅವಘಡಕ್ಕೆ ಕಾರಣವೆಂದು ತೋರಿಬರುತ್ತದೆ' ಎಂದು ಅದರಲ್ಲಿ ಬರೆದಿತ್ತು. ಆ ವಾಕ್ಯ ನನಗೆ ಇವತ್ತಿಗೂ ಬಾಯಿಪಾಠ. ಕೈಗಾರ ಎಂದರೆ ಶಿವನಿಯ ಮುದ್ದಪ್ಪ, ಆ ಟ್ಯಾಂಕಿನ ತಗಡುಗಳನ್ನು ಕೂಡಿಸಲು ರಿವೆಟ್ ಹೊಡೆದವನು. ಒಡೆದ ತಗಡನ್ನು ಒಬ್ಬರೂ ತಿರುಗಿಸಿ ನೋಡಲಿಲ್ಲ. ಮರುವಾರವೇ ಗುಜರಿಗೆ ಹಾಕಿಬಿಟ್ಟರು.

ಇದು ನಿಮಗೆ ಗೊತ್ತಿಲ್ಲದ್ದಲ್ಲ. ಆಗ ನೀವೇ ಗಿರಣಿಯ ಉಗ್ರಾಣದ ಗುಮಾಸ್ತರಾಗಿದ್ದಿರಿ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಹನ್ನೆರಡು ವರ್ಷದ ಆ ಅನ್ಯಾಯ ಮೊನ್ನೆ ನನ್ನ ಬಾಗಿಲಿಗೇ ಬಂದು ನಿಂತಿತು.

ನನ್ನ ವಿಮಾನದ ಸುದ್ದಿ ಅಕ್ಕನಿಂದ ನಿಮಗೆ ತಲುಪಿದೆ ಎಂದು ಬಲ್ಲೆ. ಇಸ್ಕೂಲು ಬಿಟ್ಟ ಮೇಲೆ ಮೇಷ್ಟ್ರಿಗೆ ತಲೆ ಕೆಟ್ಟಿದೆ ಎಂದು ಊರಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅಪ್ಪನ ಕಾಲದ ಹತ್ತಿ ಮಂಡಿಯಲ್ಲಿ ಎಡರೆಕ್ಕೆಯ ಅಸ್ಥಿಪಂಜರ ಸಿದ್ಧವಾಗಿ ಮಲಗಿದೆ. ಲಕ್ಕವಳ್ಳಿಯ ಕಾಡು ಅಷ್ಟು ಹತ್ತಿರ ಇರುವಾಗ ಮರದಲ್ಲೇ ಮಾಡಬಹುದಿತ್ತಲ್ಲ ಎಂದು ನೀವು ಯುಗಾದಿಯಲ್ಲಿ ಕೇಳಿದ್ದಿರಿ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ನಮ್ಮ ಗೆದ್ದಲು ಹುಳಕ್ಕಂತೂ ಹಬ್ಬ. ಅಲ್ಯೂಮಿನಿಯಂ ತಗಡೇ ಸರಿ. ಆದರೆ ತಗಡನ್ನು ಅಂಟಿಸಲಾಗದು, ಬೆಸುಗೆ ಹಾಕಿದರೆ ಸೊರಗುತ್ತದೆ. ರಿವೆಟ್ಟೇ ಗತಿ. ಒಂದು ರೆಕ್ಕೆಗೆ ಎರಡು ಸಾವಿರದ ಮುನ್ನೂರು. ಒಂದು ಕೆಟ್ಟರೆ ಪಕ್ಕದ್ದು ಕೆಡುತ್ತದೆ, ಪಕ್ಕದ್ದು ಕೆಟ್ಟರೆ ಸಾಲೇ ಹೋಗುತ್ತದೆ.

ಆ ಕೈ ಈ ಸೀಮೆಯಲ್ಲಿ ಇರುವುದು ಒಬ್ಬನಿಗೇ. ಬೆಳಗಿನ ರೈಲಿಗೆ ಶಿವನಿಗೆ ಹೋದೆ. ಮುದ್ದಪ್ಪ ಸ್ಟೇಷನ್ನಿನ ಹಿಂದೆ ಹುಣಸೆಮರದ ಕೆಳಗೆ ಕೂತು ಒಂದು ಬಕೀಟಿಗೆ ತಳ ಹಾಕುತ್ತಿದ್ದ. ನನ್ನ ನಕ್ಷೆಯನ್ನು ಮೊದಲು ತಲೆಕೆಳಗಾಗಿ ಹಿಡಿದು, ಆಮೇಲೆ ಸರಿಮಾಡಿ, ಬಹಳ ಹೊತ್ತು ನೋಡಿದ. ಮನಸ್ಸು ಬಂದಿತ್ತು, ಅವನ ಬೆರಳು ನೋಡಿದರೇ ತಿಳಿಯುತ್ತಿತ್ತು. ಆದರೆ ಕಾಗದವನ್ನು ಮಡಿಸಿ ನನ್ನ ಕೈಗೇ ಕೊಟ್ಟ.

"ಬಕೀಟು ಸೋರಿದ್ರೆ ನೀರು ಹೋಯ್ತದೆ ಮೇಷ್ಟ್ರೇ, ಅಷ್ಟೇಯ. ಇದ್ರಾಗೆ ನೀವು ಕೂರ್ತೀರಿ. ನನ್ನ ಕೈ ಸರಿಯಿಲ್ಲ ಅಂತ ಕಡೂರ್ನಾಗೆ ಓದಿ ಹೇಳವ್ರೆ. ಅದೇ ಜಾಗ್ದಾಗೆ ಅದು ಸುಳ್ಳು ಅಂತ ಹೇಳೋಗಂಟ ಮನುಷ್ಯ ಕೂರೋ ಸಾಮಾನಿಗೆ ನಾನು ಸುತ್ತಿಗೆ ಎತ್ತಾಕಿಲ್ಲ" ಎಂದ.

ಆದ್ದರಿಂದ ನಿಮ್ಮಲ್ಲಿ ಎರಡು ಕೋರಿಕೆ. ಮೊದಲನೆಯದು ನಿಮ್ಮ ಕಬ್ಬಿಣದ ಸಾಮಾನಿನ ಅಂಗಡಿಗೆ. ಒಂದು ಇಂಚಿನಲ್ಲಿ ಎಂಟನೇ ಒಂದು ಭಾಗದ ದಪ್ಪದ ರಿವೆಟ್ಟಿಗೆ ಸಾಮಾನು ಬೇಕು. ನಾನು ಓದುವ ಪತ್ರಿಕೆಯಲ್ಲಿ ಗಾಳಿಯ ಒತ್ತಡದ ಬಂದೂಕನ್ನೂ ಇಕ್ಕಳದಂತೆ ಹಿಸುಕುವ ಸಾಧನವನ್ನೂ ಹೊಗಳಿದ್ದಾರೆ. ಸುತ್ತಿಗೆಯಲ್ಲೇ ಸಾಗುವುದಾದರೆ ಎಷ್ಟು ತೂಕದ್ದು? ತಗಡಿನ ಹಿಂದಿನಿಂದ ಆನಿಸಿ ಹಿಡಿಯುವ ಡಾಲಿ ಎಂಥದ್ದು? ರಿವೆಟ್ಟಿನ ತಲೆಯನ್ನು ದುಂಡಗೆ ಮಾಡುವ, ತುದಿಯಲ್ಲಿ ಬಟ್ಟಲಿನಂಥ ಗುಳಿಯಿರುವ ಸ್ನ್ಯಾಪು ಯಾವುದು? ನೀವು ಆರಿಸಿಕೊಡಬೇಕು.

ಎರಡನೆಯದು ನಿಮಗೆ. ಮುದ್ದಪ್ಪ ಒಳ್ಳೆಯ ಕೆಲಸಗಾರನೆಂದು ಎರಡು ಸಾಲು ಬರೆದು ಸಹಿ ಹಾಕಿ ಕಳಿಸಿ. ಉಗ್ರಾಣದಲ್ಲಿ ಕೂತು ದಿನವೂ ಅವನ ಕೈ ನೋಡಿದವರು ನೀವು. ತಕ್ಷಣ ಬರೆಯಿರಿ, ನನಗೆ ಕಾಯಲಾಗುತ್ತಿಲ್ಲ.

ನಿಮ್ಮ
ಸೋಮಶೇಖರಪ್ಪ


ತರೀಕೆರೆ
11-2-1935

ಚಿರಂಜೀವಿ ಸೋಮಶೇಖರಪ್ಪನಿಗೆ ಈರಭದ್ರಪ್ಪನ ಆಶೀರ್ವಾದ. ಇತ್ತ ಎಲ್ಲರೂ ಕ್ಷೇಮ.

ನಿನ್ನ ಕಾಗದ ನೋಡಿ ನಕ್ಕೆ, ಆಮೇಲೆ ಸಾಮಾನಿನ ಪಟ್ಟಿ ನೋಡಿ ಗಂಭೀರವಾದೆ. ನೀನು ಹಾರುತ್ತೀಯೋ ಇಲ್ಲವೋ ಶಿವನಿಗೇ ಗೊತ್ತು, ಆದರೆ ಸಾಮಾನು ಕೊಟ್ಟವನು ನಾನು ಎಂಬ ಮಾತು ಉಳಿಯುತ್ತದೆ. ಆದ್ದರಿಂದ ಯೋಚನೆ ಮಾಡಿಯೇ ಬರೆಯುತ್ತಿದ್ದೇನೆ.

ಗಾಳಿ ಬಂದೂಕಿನ ಆಸೆ ಬಿಡು. ಅದಕ್ಕೆ ಗಾಳಿ ತುಂಬುವ ಯಂತ್ರ ಬೇಕು, ಆ ಯಂತ್ರಕ್ಕೆ ಇನ್ನೊಂದು ಯಂತ್ರ ಬೇಕು. ಹಿಸುಕುವ ಇಕ್ಕಳ ತಗಡಿನ ಅಂಚಿಗೆ ಮಾತ್ರ ಎಟಕುತ್ತದೆ, ರೆಕ್ಕೆಯ ನಡುವಿಗೆ ಬಾಯಿ ಹೋಗುವುದಿಲ್ಲ. ಸುತ್ತಿಗೆಯೇ ಸರಿ, ಅದೂ ಹಗುರವಾದದ್ದು. ಮೆತ್ತನೆಯ ರಿವೆಟ್ಟಿಗೆ ಭಾರದ ಸುತ್ತಿಗೆ ಬಿದ್ದರೆ ಅದು ನೆಟ್ಟಗೆ ಕೂರದೆ ಮಗ್ಗುಲಾಗುತ್ತದೆ. ಡಾಲಿಗೆ ರೈಲು ಕಂಬಿಯ ಒಂದು ಗೇಣು ತುಂಡನ್ನು ಅರದಿಂದ ಉಜ್ಜಿಸಿ ನುಣುಪು ಮಾಡಿಸಿದ್ದೇನೆ. ಮುಂದಿನವನ ಸುತ್ತಿಗೆಗಿಂತ ಹಿಂದಿನವನ ಡಾಲಿ ಭಾರ ಇರಬೇಕು, ನೆನಪಿಡು.

ಸ್ನ್ಯಾಪಿಗೆ ಬೊಂಬಾಯಿಯವರು ಇಂಚಿನ ಲೆಕ್ಕ ಬರೆಯುತ್ತಾರೆ, ನನಗೆ ಇನ್ನೂ ಕಾಳಿನ ಲೆಕ್ಕವೇ ಕೈಗೆ ಹತ್ತುವುದು. ಗಿರಣಿಯ ಕೆಲಸದವರಿಗೆ ಓದು ಬಾರದೆಂದು ಉಗ್ರಾಣದಲ್ಲಿ ಸಾಮಾನು ತಗುಲಿಹಾಕುವ ಪ್ರತಿ ಗೂಟದ ಮೇಲೂ ಒಂದೊಂದು ಕಾಳನ್ನು ಅರಗಿನಿಂದ ಅಂಟಿಸಿದ್ದೆ. ರಿವೆಟ್ಟಿನ ತಲೆ ಯಾವ ಕಾಳಿನಷ್ಟೋ ಸ್ನ್ಯಾಪಿನ ಬಟ್ಟಲೂ ಅದೇ ಕಾಳಿನದು. ಚಿಕ್ಕದರಿಂದ ದೊಡ್ಡದಕ್ಕೆ ತೊಗರಿ, ಕಡಲೆ, ಅವರೆ, ಹೀಗೆ. ನಿನಗೆ ಬೇಕಾದ್ದು ತೊಗರಿ. ಅದು ಅಂಗಡಿಯಲ್ಲಿಲ್ಲ, ಬರಲು ಹದಿನೈದು ದಿನ. ನಿನ್ನ ಆತುರ ಗೊತ್ತಿರುವುದರಿಂದ ಸದ್ಯಕ್ಕೆ ಕಡಲೆಯದನ್ನು ಕಳಿಸಿದ್ದೇನೆ. ಕೈ ಅಭ್ಯಾಸಕ್ಕೆ ಮಾತ್ರ. ರೆಕ್ಕೆಗೆ ಅದರಿಂದ ಒಂದೇ ಒಂದು ರಿವೆಟ್ಟನ್ನೂ ಹೊಡೆಯಕೂಡದು.

ಗಿರಣಿಯ ಪಾಲುದಾರರು ಈ ಸಲ ನನ್ನನ್ನು ಡೈರೆಕ್ಟರನ್ನಾಗಿ ಆರಿಸಬೇಕೆಂದಿದ್ದಾರೆ. ಏಪ್ರಿಲ್ ಏಳನೇ ತಾರೀಖು ಕಡೂರಿನ ಗಿರಣಿ ಅಂಗಳದಲ್ಲೇ ಸಭೆ. ಮಾವನವರ ಹೆಸರಿನ ಎರಡು ಷೇರು ನಿನ್ನ ಬಳಿ ಇವೆಯಲ್ಲ, ಬಾ. ವಿಮಾನದಲ್ಲಿ ಬೇಡ, ರೈಲಿನಲ್ಲಿ ಬಾ.

ಇತಿ ಆಶೀರ್ವಾದ,
ಈರಭದ್ರಪ್ಪ

ಸೋಮಣ್ಣ, ನಾನು ಮಲ್ಲಿಕಾಂಬ. ನಿನ್ನ ಭಾವ ಕಾಗದ ಮಡಿಸುವಷ್ಟರಲ್ಲಿ ಎರಡು ಮಾತು ಬರೆಯುತ್ತೇನೆ. ನಿನ್ನ ಮನೆಯಾಕೆ ಅಂಬಮ್ಮನಿಗೆ ಹುಣಸೆಹಣ್ಣು ಕಳಿಸಿದ್ದೇನೆ, ಬೀಜ ತೆಗೆದದ್ದು. ಚೌಕಾಬಾರ ಆಡಲು ಒಂದು ಬೊಗಸೆ ಬೀಜ ಎತ್ತಿಟ್ಟಿದ್ದೆ, ಈ ಸಲವೂ ಇವರು ತೆಗೆದುಕೊಂಡು ಹೋಗಿ ಕೆರೆಗೆ ಎಸೆದು ಬಂದರು. ಮನೆಯಲ್ಲಿ ಹುಣಸೆಬೀಜ ಕಂಡರೆ ಇವರಿಗೆ ಅದೇನು ಸಿಟ್ಟೋ ಕಾಣೆ. ವಯಸ್ಸಾಯಿತು ಅಂತ ಸುಮ್ಮನಿದ್ದೇನೆ.


ಅಜ್ಜಂಪುರ
24-2-1935

ಪೂಜ್ಯ ಭಾವನವರಿಗೆ ಶರಣು.

ಸಾಮಾನು ಬಂತು. ಸುತ್ತಿಗೆ ಕೈಗೆ ಹೂವಿನಂತೆ ಕೂರುತ್ತದೆ. ಎರಡು ಸಾಲು ಬರೆಯಲು ಮರೆತಿದ್ದೀರಿ. ಸಭೆಯ ಗಡಿಬಿಡಿ ಇರಬಹುದು ಎಂದುಕೊಂಡೆ. ಅಕ್ಕನಿಗೆ ಹೇಳಿ, ಹುಣಸೆಬೀಜದ ಮೇಲೆ ಸಿಟ್ಟು ಮಾಡಿಕೊಳ್ಳುವ ವಯಸ್ಸು ನನಗೂ ಹತ್ತಿರ ಬರುತ್ತಿದೆ.

ಹಳೆಯ ತುಂಡು ತಗಡಿನ ಮೇಲೆ ಅಭ್ಯಾಸ ಶುರು ಮಾಡಿದೆ. ಈ ಕಡೆ ನಾನು, ಆ ಕಡೆ ಡಾಲಿ ಹಿಡಿದು ಅಂಬಮ್ಮ. ನಡುವೆ ತಗಡು, ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. "ನನ್ನ ಬೆರಳು ಹೋದ್ರೆ ನಿಮ್ಮ ಹಕ್ಕಿ ಬಂದು ರೊಟ್ಟಿ ತಟ್ಟತೈತಾ?" ಎಂದು ಅವಳು ಆ ಕಡೆಯಿಂದ ಕೇಳುತ್ತಿದ್ದಳು. ಆದರೂ ಬಿಡಲಿಲ್ಲ. ನಲವತ್ತು ರಿವೆಟ್ ಹೊಡೆದೆವು. ತಲೆಗಳು ದುಂಡಗೆ, ಮುತ್ತಿನಂತೆ ಬಂದವು. ನನಗೆ ಹೆಮ್ಮೆಯಾಗಿ, ಆ ತಗಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಶಿವನಿಗೆ ಹೋದೆ. ನನ್ನಂಥವನೇ ಹೀಗೆ ಹೊಡೆದಿರುವಾಗ ನಿನ್ನದೇನು ಬಿಗುಮಾನ ಎಂದು ಕೇಳುವ ಉದ್ದೇಶ.

ಮುದ್ದಪ್ಪ ತಲೆಗಳನ್ನು ನೋಡಲೇ ಇಲ್ಲ. ತಲೆಯ ಸುತ್ತ ಉಗುರು ಎಳೆದ. ಪ್ರತಿಯೊಂದರ ಸುತ್ತಲೂ ತಗಡಿನ ಮೇಲೆ ಒಂದು ಉಂಗುರ ಕೊರೆದಿತ್ತು, ಕೂದಲಿನಷ್ಟು ಸಣ್ಣದು. ಬಟ್ಟಲು ದೊಡ್ಡದಾದರೆ ರಿವೆಟ್ಟು ಅದರ ಒಳಗೆ ತುಂಬುವ ಮೊದಲೇ ಬಟ್ಟಲಿನ ಅಂಚು ತಗಡಿಗೆ ಬಡಿಯುತ್ತದೆ. ಆ ತುಂಡನ್ನು ಅವನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಬಗ್ಗಿಸಿದ, ಒಮ್ಮೆ ಹಿಂದಕ್ಕೆ ತಿರುಗಿಸಿದ. ಅಂಚೆ ಚೀಟಿ ಹರಿದಂತೆ ಸಾಲಿಗೆ ಸಾಲೇ ಹರಿದು ಕೈಗೆ ಬಂತು.

"ಬಟ್ಟಲು ದೊಡ್ಡದು. ಈ ಮಾತು ನಾನು ಹೇಳ್ತಿರೋದು ಇದು ಎರಡ್ನೇ ಕಿತ ಮೇಷ್ಟ್ರೇ" ಎಂದ.

ಆಮೇಲೆ ಎದ್ದು ಗುಡಿಸಲಿಗೆ ಕರೆದುಕೊಂಡು ಹೋದ. ಅವನ ಬಾಗಿಲಿನ ಹೊಸ್ತಿಲು ಏನೆಂದು ಬಲ್ಲಿರಾ? ಒಡೆದ ಆ ಟ್ಯಾಂಕಿನದೇ ಒಂದು ಪಟ್ಟಿ. ಗಿರಣಿಯಿಂದ ಓಡಿಸಿದ ದಿನ ಹೊತ್ತು ತಂದನಂತೆ. ನೀರು ಹಾಕಿ ಉಜ್ಜಿ ತೋರಿಸಿದ. ಪ್ರತಿ ರಿವೆಟ್ಟಿನ ಸುತ್ತಲೂ ಅದೇ ಉಂಗುರ, ಇಲ್ಲಿ ಉಗುರು ಇಳಿಯುವಷ್ಟು ಆಳ. ಹನ್ನೆರಡು ವರ್ಷ ಅವನ ಹೆಂಡತಿ ಮಕ್ಕಳು ಆ ಸಾಕ್ಷಿಯನ್ನೇ ತುಳಿದು ಓಡಾಡಿದ್ದಾರೆ. ಬುಟ್ಟಿಯ ತಳದಿಂದ ಒಂದು ಸ್ನ್ಯಾಪನ್ನೂ ತೆಗೆದ. ಟ್ಯಾಂಕು ಒಡೆದಾಗ ಅದು ಅವನ ಸೊಂಟದಲ್ಲಿತ್ತು. ಆ ಟ್ಯಾಂಕಿನ ರಿವೆಟ್ಟು ಅವರೆಕಾಳಿನದು. ಅವನಿಗೆ ಕೊಟ್ಟ ಸ್ನ್ಯಾಪು ಹುಣಸೆಬೀಜದ್ದು, ಒಂದು ಅಳತೆ ದೊಡ್ಡದು.

ಯಾರು ಕೊಟ್ಟರು ಎಂದು ಕೇಳಿದೆ. ಅವನು ಬೀಡಿ ಹಚ್ಚಿಕೊಂಡು ರೈಲು ಕಂಬಿಯ ಕಡೆ ನೋಡುತ್ತ ಕೂತ.

ಭಾವ, ನನಗೆ ಸಂಶಯವಿಲ್ಲ. ಗಿರಣಿಯ ಆಗಿನ ಮ್ಯಾನೇಜರನೇ ನಿಮ್ಮ ಮೇಲೆ ಒತ್ತಡ ತಂದು ಉಗ್ರಾಣದಿಂದ ಅದನ್ನು ಕೊಡಿಸಿರಬೇಕು. ಡೈರೆಕ್ಟರುಗಳು ಶುಕ್ರವಾರ ಬರುವವರಿದ್ದರು, ಅಷ್ಟರೊಳಗೆ ಟ್ಯಾಂಕು ತುಂಬಬೇಕೆಂದು ಆತ ಕುಣಿಯುತ್ತಿದ್ದದ್ದು ನನಗೆ ನೆನಪಿದೆ. ಆತ ಸತ್ತು ಐದು ವರ್ಷವಾಯಿತು, ನೀವು ಹೆದರಬೇಕಾದವರು ಯಾರೂ ಇಲ್ಲ. ನಡೆದದ್ದನ್ನು ಬರೆಯಿರಿ. ನಾನು ಪತ್ರಿಕೆಗೆ ಕಳಿಸುತ್ತೇನೆ. ಎರಡು ಸಾಲು ಸಾಲದು, ಈಗ ಒಂದು ಪುಟ ಬೇಕು.

ನಿಮ್ಮ
ಸೋಮಶೇಖರಪ್ಪ


ತರೀಕೆರೆ
3-3-1935

ಸೋಮಶೇಖರಪ್ಪನಿಗೆ,

ತೊಗರಿ ಸ್ನ್ಯಾಪು ಬಂದಿದೆ, ಇದರೊಂದಿಗೆ ಕಳಿಸಿದ್ದೇನೆ. ಎರಡು ಇವೆ, ಒಂದರ ಅಂಚು ಮುಕ್ಕಾದರೆ ಇನ್ನೊಂದು ಇರಲಿ. ಕಡಲೆಯದನ್ನು ಮರುಟಪ್ಪಾಲಿನಲ್ಲಿ ಹಿಂದಕ್ಕೆ ಕಳಿಸು. ನಿನ್ನ ಮಂಡಿಯಲ್ಲಿ ಅದು ಇರಬಾರದು.

ಗಿರಣಿಯ ಮಾತು ಹನ್ನೆರಡು ವರ್ಷ ಹಳೆಯದು. ಉಗ್ರಾಣದಿಂದ ದಿನಕ್ಕೆ ನೂರು ಸಾಮಾನು ಹೋಗುತ್ತಿತ್ತು, ಯಾವುದು ಯಾರಿಗೆ ಎಂದು ನನಗೆ ನೆನಪಿಲ್ಲ. ಪತ್ರಿಕೆಗೆ ಏನನ್ನೂ ಬರೆಯಬೇಡ. ನಿನ್ನ ಅಕ್ಕನಿಗೆ ಮೈ ಹುಷಾರಿಲ್ಲ, ಅವಳಿಗೂ ಈ ವಿಷಯ ಬರೆಯಬೇಡ.

ಈರಭದ್ರಪ್ಪ


ಅಜ್ಜಂಪುರ
9-3-1935

ಭಾವನವರಿಗೆ,

ಅಕ್ಕನಿಗೆ ಮೈ ಚೆನ್ನಾಗಿದೆ. ಮೊನ್ನೆ ಸೋಮವಾರದ ಸಂತೆಗೆ ಬಂದಿದ್ದ ನಿಮ್ಮ ಊರಿನ ಬಳೆಗಾರನನ್ನು ಕೇಳಿದೆ.

ನಿಮ್ಮ ಫೆಬ್ರವರಿಯ ಕಾಗದವನ್ನು ಮತ್ತೆ ತೆಗೆದು ಓದಿದೆ. ಬಟ್ಟಲು ಒಂದು ಅಳತೆ ದೊಡ್ಡದಾದರೆ ತಗಡಿಗೆ ಏನಾಗುತ್ತದೆಂದು ಇಷ್ಟೆಲ್ಲ ಓದಿದ ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ರೆಕ್ಕೆಗೆ ಹೊಡೆಯಕೂಡದು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಿರಿ. ಅಂಗಡಿಯವರ ಎಚ್ಚರಿಕೆ ಎಂದುಕೊಂಡಿದ್ದೆ. ಕಾಳುಗಳ ಪಟ್ಟಿ ಕೊಡುವಾಗ ತೊಗರಿ, ಕಡಲೆ, ಅವರೆ, ಹೀಗೆ ಎಂದು ನಿಲ್ಲಿಸಿದ್ದಿರಿ. ಅವರೆಯ ಮುಂದಿನ ಗೂಟದ ಹೆಸರು ಬರೆಯಲು ನಿಮ್ಮ ಲೇಖನಿ ಏಳಲಿಲ್ಲ. ಅದೇ ಕಾಗದದ ಕೆಳಗೆ ಅಕ್ಕ, ಏನೂ ತಿಳಿಯದವಳು, ಆ ಹೆಸರನ್ನು ಬರೆದಿದ್ದಳು. ನೀವು ಅದನ್ನು ಕೆರೆಗೆ ಎಸೆದು ಬರುತ್ತೀರೆಂದೂ ಬರೆದಿದ್ದಳು.

ನಾನು ಮತ್ತೆ ಶಿವನಿಗೆ ಹೋದೆ. ನನ್ನ ಭಾವನವರು ತಾವೇ ಕೊಟ್ಟರೇ ಎಂದು ನೇರವಾಗಿ ಕೇಳಿದೆ. ಮುದ್ದಪ್ಪ ಸುತ್ತಿಗೆ ಕೆಳಗಿಟ್ಟ. "ಆ ಅಕ್ಕಾರು ದಿನಾಲೂ ನನ್ಗೆ ಮಜ್ಜಿಗೆ ಕೊಡೋರು. ನನ್ನ ಬಾಯಾಗೆ ಆ ಮನೆ ಹೆಸ್ರು ಬರಾಕಿಲ್ಲ, ನೀವು ಎಷ್ಟು ಕೇಳಿದ್ರೂ ಅಷ್ಟೇಯ" ಎಂದ. ಹನ್ನೆರಡು ವರ್ಷ ಬಕೀಟಿನ ತಳ ಹಾಕಿಕೊಂಡು ಕೂತವನು ನಿಮ್ಮ ಮನೆಯ ಮಜ್ಜಿಗೆಯ ಋಣಕ್ಕೆ ಬಾಯಿ ಮುಚ್ಚಿಕೊಂಡಿದ್ದಾನೆ. ನೀವು ಡೈರೆಕ್ಟರಾಗಲು ಹೊರಟಿದ್ದೀರಿ.

ಅವನು ನನ್ನ ಜೊತೆ ಬಂದಿದ್ದ ಅಂಬಮ್ಮನಿಗೆ ಒಂದು ಪಾಠ ಹೇಳಿಕೊಟ್ಟ. ತಗಡಿನ ಆಚೆ ಇರುವವನು ಡಾಲಿಯಿಂದ ಒಂದು ಸಲ ತಟ್ಟಿದರೆ ಇನ್ನೂ ಹೊಡಿ ಎಂದು, ಎರಡು ಸಲ ತಟ್ಟಿದರೆ ಸರಿಯಾಯಿತು ಎಂದು, ಮೂರು ಸಲ ತಟ್ಟಿದರೆ ಕೆಟ್ಟಿದೆ, ಕಿತ್ತುಹಾಕು ಎಂದು. ಇದು ನಾನು ನಿಮಗೆ ಬರೆಯುವ ಮೂರನೇ ಕಾಗದ.

ಆ ಸ್ನ್ಯಾಪನ್ನು ಯಾರು ಕೊಟ್ಟರು?

ಸೋಮಶೇಖರಪ್ಪ


ತರೀಕೆರೆ
25-3-1935

ಸೋಮಶೇಖರಪ್ಪನಿಗೆ,

ಹದಿನೈದು ದಿನ ನಿನ್ನ ಕಾಗದ ನನ್ನ ಜೇಬಿನಲ್ಲಿತ್ತು. ಮೂರು ಸಲ ಉತ್ತರ ಬರೆದು ಹರಿದೆ. ಈಗ ಬರೆಯುತ್ತಿರುವುದನ್ನು ಹರಿಯುವುದಿಲ್ಲ. ನೀನೂ ಹರಿಯಬೇಡ, ಪೂರ್ತಿ ಓದು.

ಕೊಟ್ಟವನು ನಾನೇ. ಮ್ಯಾನೇಜರನಿಗೆ ಆ ವಿಷಯವೇ ಗೊತ್ತಿರಲಿಲ್ಲ. ಟ್ಯಾಂಕಿನ ಕೆಲಸದ ಎರಡನೇ ದಿನವೇ ಅವರೆ ಸ್ನ್ಯಾಪಿನ ಅಂಚು ಮುಕ್ಕಾಯಿತು. ಉಗ್ರಾಣದಲ್ಲಿ ಒಂದೇ ಇತ್ತು. ಎರಡು ತರಿಸಿಡಬೇಕಿತ್ತು, ತರಿಸಿರಲಿಲ್ಲ, ಅದು ನನ್ನ ತಪ್ಪು. ಬೆಂಗಳೂರಿನಿಂದ ಬರಲು ಎಂಟು ದಿನ. ಮ್ಯಾನೇಜರನಿಗೆ ಹೇಳಿದರೆ ಕೆಲಸ ಹೋಗುತ್ತಿತ್ತು. ಹುಣಸೆಬೀಜದ್ದನ್ನು ತೆಗೆದು ಮುದ್ದಪ್ಪನಿಗೆ ಕೊಟ್ಟೆ. ಅವನ ಹಿತ್ತಾಳೆ ಬಿಲ್ಲೆಯನ್ನು, ನಂಬರು ಹದಿನೇಳು, ಪದ್ಧತಿಯಂತೆ ಆ ಗೂಟಕ್ಕೆ ತಗುಲಿಹಾಕಿದೆ. ಸಾಮಾನು ವಾಪಸು ಬಂದ ಮೇಲೆ ಬಿಲ್ಲೆ ಕೊಡುವುದು ನಿಯಮ. ಸಂಜೆಯೇ ಅವನು ಬಂದು, "ಬಟ್ಟಲು ದೊಡ್ಡದು ಸ್ವಾಮಿ, ತಗಡು ಕಚ್ತೈತೆ" ಎಂದ. "ಕಚ್ಚಿದ್ರೆ ಬಣ್ಣ ಬಳೀತಾರೆ ಕಣೋ, ಹೊಡಿ ಹೋಗು" ಎಂದೆ. ನಾನು ಅಂದದ್ದು ಇಷ್ಟೇ.

ಬುಧವಾರ ಬೆಳಿಗ್ಗೆ ಸದ್ದು ಕೇಳಿತು. ಎಲ್ಲರೂ ಅಂಗಳಕ್ಕೆ ಓಡಿದರು. ನಾನು ಗೂಟದ ಹತ್ತಿರ ಹೋಗಿ, ಸ್ನ್ಯಾಪು ಕೊಟ್ಟದ್ದಕ್ಕೆ ಗುರುತಾಗಿದ್ದ ಬಿಲ್ಲೆಯನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಆಮೇಲೆ ಅಂಗಳಕ್ಕೆ ಹೋದೆ. ತೀರ್ಥಮ್ಮನ ಕೈ ಇನ್ನೂ ಆಡುತ್ತಿತ್ತು. ಮೊದಲು ಬಿಲ್ಲೆ, ಆಮೇಲೆ ಅವಳು. ಇದನ್ನು ನಾನು ನಿನ್ನ ಅಕ್ಕನಿಗೂ ಹೇಳಿಲ್ಲ.

ಇನ್ನು ನಿನ್ನ ಸರದಿ. ನಿನ್ನ ಮೊದಲ ಕಾಗದದಲ್ಲಿ ವರದಿ ಹೊರಬಿತ್ತು, ಅದರಲ್ಲಿ ಬರೆದಿತ್ತು ಎಂದಿದ್ದೀಯೆ. ಯಾರು ಬರೆದರು? ಆ ವಾಕ್ಯ ನಿನಗೆ ಬಾಯಿಪಾಠ ಯಾಕೆ? ಡೈರೆಕ್ಟರುಗಳಿಗೆ ಒಳ್ಳೆಯ ಕನ್ನಡದಲ್ಲಿ ವರದಿ ಬೇಕಿತ್ತು. ನನ್ನ ಭಾವಮೈದ ಚೆನ್ನಾಗಿ ಬರೆಯುತ್ತಾನೆ ಎಂದು ನಾನೇ ಹೇಳಿದೆ. ಸಂಜೆ ರೈಲಿಗೆ ನೀನು ಕಡೂರಿಗೆ ಬಂದೆ. ನಮ್ಮ ಪಡಸಾಲೆಯಲ್ಲಿ ಕೂತು, ನಿನ್ನ ಅಕ್ಕ ಬಡಿಸಿದ ಹೋಳಿಗೆ ಉಂಡು, ಬರೆದೆ. "ಭಾವ, ತಪ್ಪು ಕೈಗಾರನದೇ ತಾನೆ?" ಎಂದು ಒಮ್ಮೆ ಕೇಳಿದೆ. ಹೌದು ಎಂದೆ ನಾನು. ನೀನು ಎರಡನೇ ಸಲ ಕೇಳಲಿಲ್ಲ. ತಗಡು ಇನ್ನೂ ಅಂಗಳದಲ್ಲೇ ಬಿದ್ದಿತ್ತು, ನೂರು ಹೆಜ್ಜೆ ದೂರ. ಹೋಗಿ ನೋಡಲಿಲ್ಲ. ನೀನು ಮೊದಲು 'ಕಾರಣ' ಎಂದು ಬರೆದಿದ್ದೆ, ಆಮೇಲೆ ಅದನ್ನು ಹೊಡೆದು 'ಕಾರಣವೆಂದು ತೋರಿಬರುತ್ತದೆ' ಎಂದು ಮಾಡಿದೆ. ಕಿವಿಗೆ ಇಂಪಾಗಿದೆ ಎಂದು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ನಾನು 'ಹೊಡಿ ಹೋಗು' ಎಂದದ್ದು ಮುದ್ದಪ್ಪನೊಬ್ಬನಿಗೆ ಕೇಳಿಸಿತು. ನೀನು ಬರೆದದ್ದನ್ನು ಇಡೀ ಕಡೂರಿಗೆ ಓದಿ ಹೇಳಿದರು.

ಈಗ ಹೇಳು, ಅವನ ಕೈಯನ್ನು ಕೆಡಿಸಿದವನು ನಾನೊಬ್ಬನೇ ಏನು?

ಈ ವಿಷಯಕ್ಕೆ ಇಲ್ಲಿಗೆ ಮುಕ್ತಾಯ. ನೀನು ಸುಮ್ಮನಿದ್ದರೆ ನಾನೂ ಸುಮ್ಮನಿರುತ್ತೇನೆ. ಮುದ್ದಪ್ಪನಿಗೆ ನನ್ನ ಅಂಗಡಿಯಲ್ಲಿ ಕೆಲಸ ಕೊಡುತ್ತೇನೆ, ಒಳ್ಳೆಯ ಸಂಬಳ ಕೊಡುತ್ತೇನೆ. ಅಷ್ಟು ಸಾಕು.

ಈರಭದ್ರಪ್ಪ


ಅಜ್ಜಂಪುರ
2-4-1935

ಭಾವನವರಿಗೆ ಸೋಮಶೇಖರಪ್ಪನ ಶರಣು.

ನಿಮ್ಮ ಕಾಗದ ಬಂದ ದಿನ ಮಂಡಿಗೆ ಹೋಗಿ ರೆಕ್ಕೆಯ ಪಕ್ಕದಲ್ಲಿ ಕೂತೆ. ಅಂಬಮ್ಮ ಎರಡು ಸಲ ಊಟಕ್ಕೆ ಕರೆದು ಹೋದಳು. ನೀವು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಹೋಳಿಗೆ ನಿಜ, ಇಂಪು ನಿಜ, ನೂರು ಹೆಜ್ಜೆಯೂ ನಿಜ. ಹನ್ನೆರಡು ವರ್ಷ ನಾನು ಅಮಲ್ದಾರರಿಗೆ, ಪತ್ರಿಕೆಗಳಿಗೆ, ಪ್ರಜಾಪ್ರತಿನಿಧಿ ಸಭೆಯ ಸದಸ್ಯರಿಗೆ ಕಂಡಕಂಡ ಅನ್ಯಾಯದ ಬಗ್ಗೆಯೆಲ್ಲ ಬರೆದಿದ್ದೇನೆ. ಈ ಒಂದರ ಬಗ್ಗೆ ಬರೆಯುವಾಗ ಮಾತ್ರ ಬರೆದವನ ಹೆಸರನ್ನು ಬಿಟ್ಟೆ. ನಿಮ್ಮನ್ನು ಮೂರು ಸಲ ಕೇಳಿದೆ, ನನ್ನನ್ನು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಮರುದಿನ ಶಿವನಿಗೆ ಹೋಗಿ ಮುದ್ದಪ್ಪನಿಗೆ ಹೇಳಿದೆ. ಆ ವರದಿ ಬರೆದ ಕೈ ನನ್ನದು ಎಂದೆ. ಅವನು ಬೈದಿದ್ದರೆ ಹಗುರಾಗುತ್ತಿತ್ತು. ನನ್ನ ಕೈಯನ್ನು ಹಿಡಿದು ತಿರುಗಿಸಿ ನೋಡಿ, "ಮೆತ್ತಗೈತೆ. ಇಷ್ಟು ಮೆತ್ತನ್ನ ಕೈನಾಗೆ ಅಷ್ಟು ಗಟ್ಟಿಯಾಗಿ ಹೊಡ್ದಿದ್ರಲ್ಲ ಮೇಷ್ಟ್ರೇ" ಎಂದ. ನಿಮ್ಮ ಅಂಗಡಿಯ ಕೆಲಸದ ಮಾತನ್ನೂ ತಿಳಿಸಿದೆ. ಅದಕ್ಕೆ ಅವನು ಬೇಡವೆಂದು ತಲೆಯಾಡಿಸಿ ಬಕೀಟನ್ನು ಎತ್ತಿಕೊಂಡ. ಅವನು ಮೊದಲ ದಿನ ಹೇಳಿದ್ದೇ ಇವತ್ತೂ ಅವನ ಮಾತು. ಕಡೂರಿನಲ್ಲಿ ಓದಿ ಹೇಳಿದ್ದನ್ನು ಕಡೂರಿನಲ್ಲೇ ಅಳಿಸಬೇಕು.

ನಿನ್ನೆ ನಿಮ್ಮ ಅಕ್ಷರದಲ್ಲಿ ವಿಳಾಸವಿದ್ದ ಒಂದು ಸಣ್ಣ ಪೊಟ್ಟಣ ಬಂತು. ಒಳಗೆ ಕಾಗದವಿರಲಿಲ್ಲ. ಹಿತ್ತಾಳೆ ಬಿಲ್ಲೆ ಇತ್ತು, ನಂಬರು ಹದಿನೇಳು. ಜೇಬಿನಲ್ಲಿಟ್ಟು ಇಟ್ಟು ಅಂಚು ಸವೆದಿದೆ. ಕಳಿಸಬೇಕಾದರೆ ನಿಮಗೆ ಎಷ್ಟು ಕಷ್ಟವಾಗಿರಬೇಕೆಂದು ನನಗೆ ತಿಳಿಯುತ್ತದೆ. ಆದರೆ ಭಾವ, ಇದು ಉತ್ತರವಲ್ಲ. ಪೊಟ್ಟಣವನ್ನು ಬಿಚ್ಚಿದವನು ನಾನೊಬ್ಬನೇ. ನಿಮ್ಮ ನಿಯಮದ ಪ್ರಕಾರ ಸಾಮಾನು ವಾಪಸು ಬಂದ ಮೇಲೆ ಬಿಲ್ಲೆಯನ್ನು ಕೆಲಸಗಾರನ ಕೈಗೇ ಕೊಡಬೇಕು, ಉಗ್ರಾಣದ ಕಟ್ಟೆಯಲ್ಲಿ, ಎಲ್ಲರೂ ನೋಡುವಂತೆ.

ಆದ್ದರಿಂದ ನಾನು ಮಾಡಲಿರುವುದನ್ನು ಮುಂಚಿತವಾಗಿ ತಿಳಿಸುತ್ತಿದ್ದೇನೆ. ಬೆನ್ನ ಹಿಂದೆ ಮಾಡಿದ ಎಂದು ಅಕ್ಕ ಅನ್ನಬಾರದು. ಅಕ್ಕನಿಗೂ ಇದೇ ಟಪ್ಪಾಲಿನಲ್ಲಿ ಬೇರೆ ಕಾಗದ ಬರೆದಿದ್ದೇನೆ. ಏಪ್ರಿಲ್ ಏಳನೇ ತಾರೀಖು ಭಾನುವಾರ ಗಿರಣಿ ಅಂಗಳದ ಸಭೆಗೆ ಬರುತ್ತೇನೆ. ಎರಡು ಷೇರಿನವನಿಗೂ ಮಾತಾಡುವ ಹಕ್ಕಿದೆ. ಮುದ್ದಪ್ಪನೂ ಬರುತ್ತಾನೆ, ಹೊಸ್ತಿಲು ಕಿತ್ತು ಹೆಗಲ ಮೇಲೆ ಹೊತ್ತುಕೊಂಡು. ನಾನು ಮೊದಲು ಎದ್ದು, 1923ರ ವರದಿಯನ್ನು ಬರೆದವನು ನಾನು, ತಗಡನ್ನು ನೋಡದೆ ಬರೆದೆ, ಆ ವಾಕ್ಯ ಸುಳ್ಳು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಓದುತ್ತೇನೆ. ತೀರ್ಥಮ್ಮನ ಮಗಳು ಅಲ್ಲೇ ಕೊಬ್ಬರಿ ಹರವುವ ಕೆಲಸದಲ್ಲಿದ್ದಾಳೆ, ಅವಳೂ ಕೇಳಲಿ. ಅದು ನನ್ನ ಪಾಲು. ನಿಮ್ಮ ಪಾಲನ್ನು ನಾನು ಓದುವುದಿಲ್ಲ. ನಿಮ್ಮ ಕಾಗದವನ್ನು ಯಾರಿಗೂ ತೋರಿಸುವುದಿಲ್ಲ, ಪತ್ರಿಕೆಗೂ ಕೊಡುವುದಿಲ್ಲ. ಅದರ ಬದಲು ಆ ಬಿಲ್ಲೆಯನ್ನು ನಿಮ್ಮ ಮುಂದಿನ ಮೇಜಿನ ಮೇಲೆ ಇಡುತ್ತೇನೆ, ಮುದ್ದಪ್ಪ ತನ್ನ ಸ್ನ್ಯಾಪನ್ನು ಅದರ ಪಕ್ಕದಲ್ಲಿ ಇಡುತ್ತಾನೆ.

ತೊಗರಿ ಸ್ನ್ಯಾಪು ನನ್ನ ಮಂಡಿಯಲ್ಲಿ ಎಣ್ಣೆ ಬಟ್ಟೆಯಲ್ಲಿದೆ. ನೀವು ಆರಿಸಿಕೊಟ್ಟ ಸಾಮಾನಿನಲ್ಲಿ ಒಂದಕ್ಕೂ ಕುಂದಿಲ್ಲ. ಎರಡು ಸಾವಿರದ ಮುನ್ನೂರು ರಂಧ್ರ ಕೊರೆದು ಮುಗಿದಿದೆ. ಕಡೂರಿನಲ್ಲಿ ಆ ಮಾತು ಅಳಿಯುವವರೆಗೆ ಒಂದು ರಿವೆಟ್ಟೂ ಬೀಳುವುದಿಲ್ಲ.

ಅವತ್ತು ನಿಮ್ಮ ಕೊರಳಿಗೆ ಹಾರ ಹಾಕುವ ಮೊದಲು ನಾನು ಒಂದೇ ಪ್ರಶ್ನೆ ಕೇಳುತ್ತೇನೆ, ನೀವು ಕೂತಲ್ಲೇ ಅಲ್ಲ, ಎದ್ದು ನಿಂತು, ಕೊನೆಯ ಸಾಲಿನವರಿಗೂ ಕೇಳಿಸುವಂತೆ ಉತ್ತರ ಕೊಡಿ: ಅವರೆಯ ರಿವೆಟ್ಟಿಗೆ ಹುಣಸೆಬೀಜದ ಸ್ನ್ಯಾಪು ಕೊಟ್ಟವರು ಯಾರು?

ಸೋಮಶೇಖರಪ್ಪ